ಮನೇಲಿ ಸಿಗ್ನಲ್ ಬೂಸ್ಟರ್ ಹಾಕ್ಸಿದೋರು ಯಾರಾದ್ರೂ ಇದೀರಾ? ಹೊಸನಗರ ಕಡೆ, ಸಲಹೆ ಬೇಕಿತ್ತು

ಜಗಲಿಕಟ್ಟೆ:
ಎಲ್ರಿಗೂ ನಮಸ್ಕಾರ. ನಮ್ಮನೆ ಹೊಸನಗರ ತಾಲ್ಲೂಕು, ನಗರ ಅನ್ನೋ ಊರಿಂದ ಒಳಗೆ ಆರೇಳು ಕಿಲೋಮೀಟರ್. ನಾನಿರೋದು ಬೆಂಗಳೂರಲ್ಲಿ, ಊರಲ್ಲಿ ಅಪ್ಪ ಅಮ್ಮ ಇಬ್ರೇ. ಮನೆ ಹಿಂದೆ ದರೆ (ಕಡಿದಾದ ಮಣ್ಣಿನ ದಿಬ್ಬ), ಮುಂದೆ ತೋಟ, ತೋಟ ದಾಟಿದ್ರೆ ಮತ್ತೆ ಗುಡ್ಡ. ಇಡೀ ಮನೇಲಿ ನೆಟ್‌ವರ್ಕ್ ಸಿಗೋ ಜಾಗ ಅಂದ್ರೆ ಜಗಲಿ ಮೂಲೆ ಕಂಬ ಒಂದೇ. ಆ ಕಂಬಕ್ಕೆ ಅಪ್ಪ ಮೊಳೆ ಹೊಡ್ದು, ತೊಳೆದ ಹಾಲಿನ ಪ್ಯಾಕೆಟ್ ಒಳಗೆ ಫೋನ್ ಇಟ್ಟು ನೇತುಹಾಕ್ತಾರೆ. ಮೊಳೆಯಿಂದ ಒಂದು ಗೇಣು ಕೆಳಗೆ ಇಳಿಸಿದ್ರೆ ಇದ್ದ ಒಂದು ಕಡ್ಡೀನೂ ಹೋಯ್ತು. ಮಾತಾಡ್ಬೇಕು ಅಂದ್ರೆ ಸ್ಪೀಕರ್ ಹಾಕಿ ಕಂಬದ ಹತ್ರ ಮುಖ ಎತ್ತಿ ನಿಂತ್ಕೊಂಡು ಕೂಗ್ಬೇಕು.

ಹೋದ ತಿಂಗಳು ರಾತ್ರಿ ಹನ್ನೊಂದರ ಮೇಲೆ ಅಪ್ಪಂಗೆ ಎದೆ ಹಿಡ್ಕೊಂಡಿದೆ. ಅಮ್ಮ ಕತ್ತಲಲ್ಲಿ ಜಗಲಿಗೆ ಬಂದು ಫೋನ್ ಮಾಡಿದ್ರೆ ಎರಡು ಸಲ ಕಟ್ಟಾಗಿ ಮೂರನೇ ಸಲಕ್ಕೆ ಚಿಕ್ಕಪ್ಪನ ಮನೆಗೆ ಹೋಗಿದೆ. ಗ್ಯಾಸ್ಟ್ರಿಕ್ ಅಂತ ಗೊತ್ತಾಯ್ತು, ದೇವ್ರು ದೊಡ್ಡೋನು. ಆದ್ರೆ ಅವತ್ತಿಂದ ನಂಗೆ ಸರಿ ನಿದ್ದೆ ಇಲ್ಲ.

ಆನ್‌ಲೈನಲ್ಲಿ ಬೂಸ್ಟರ್ ಕಿಟ್ ನೋಡ್ದೆ, ಆರೂವರೆ ಸಾವಿರ. ಹೊರಗೊಂದು ಆಂಟೆನಾ, ಒಳಗೊಂದು ಆಂಟೆನಾ, ಮಧ್ಯೆ ಒಂದು ಡಬ್ಬಿ, ಹತ್ತು ಮೀಟರ್ ಕೇಬಲ್. ನಾನೇ ಹಾಕ್ಕೋಬಹುದಾ? ಎಷ್ಟು ಎತ್ತರಕ್ಕೆ ಕಟ್ಬೇಕು? ಮುಂದಿನ ವಾರ ಊರಿಗೆ ಹೋಗ್ತಿದೀನಿ, ಅಷ್ಟರೊಳಗೆ ಆರ್ಡರ್ ಮಾಡ್ಬೇಕು.

ಸಾಗರದ_ಸೋಗೆ:
ನಮ್ಮನೆ ಕಥೇನೂ ಇದೇ. ಉತ್ರಕ್ಕೆ ಕಾಯ್ತಿದೀನಿ.

ತುಂಗೆತೀರ:
ನಾನು ಹಾಕ್ಸಿದೀನಿ ಎರಡು ವರ್ಷ ಆಯ್ತು, ತೀರ್ಥಹಳ್ಳಿ ಹತ್ರ. ಮೊದ್ಲು ಅಂಗಳಕ್ಕೆ ಬರ್ಬೇಕಿತ್ತು ಈಗ ದೇವರ ಕೋಣೇಲಿ ನಾಲ್ಕು ಕಡ್ಡಿ. ಆಂಟೆನಾನ ಎತ್ತರದ ಜಾಗದಲ್ಲಿ ಟವರ್ ದಿಕ್ಕಿಗೆ ತಿರ್ಗ್ಸಿ ಕಟ್ಟಿ, ಒಳಗಿನ ಆಂಟೆನಾ ದೂರ ಇಡಿ ಅಷ್ಟೆ. ಧೈರ್ಯವಾಗಿ ತಗೊಳ್ಳಿ.

ತಂತಿಯಿಲ್ಲದ_ದಾರಿ:
ಜಗಲಿಕಟ್ಟೆಯವ್ರೇ, ಆರ್ಡರ್ ಮಾಡೋಕೆ ಮುಂಚೆ ಇದನ್ನ ಓದಿ. ನಾನು ಹದಿನಾಲ್ಕು ವರ್ಷದಿಂದ ಟವರ್ ಆಪ್ಟಿಮೈಸೇಷನ್, ಅಂದ್ರೆ ಟವರ್ ಸಿಗ್ನಲ್ ಸರಿಮಾಡೋ ಕೆಲಸದಲ್ಲಿದೀನಿ, ಮಲೆನಾಡಲ್ಲೇ ಜಾಸ್ತಿ ಓಡಾಡಿರೋದು.

ಬೂಸ್ಟರ್ ಮಾಡೋದು ಎರಡು ಕೆಲಸ. ಟವರಿಂದ ಬಂದಿದ್ದನ್ನ ದೊಡ್ಡದು ಮಾಡಿ ಮನೆಯೊಳಗೆ ಬಿಡೋದು, ನಿಮ್ಮ ಫೋನಿಂದ ಹೊರಟಿದ್ದನ್ನ ದೊಡ್ಡದು ಮಾಡಿ ಟವರ್‌ಗೆ ಕಳ್ಸೋದು. ತೊಂದ್ರೆ ಇರೋದು ಈ ಎರಡನೇದ್ರಲ್ಲಿ. ಯಕ್ಷಗಾನ ಆಟಕ್ಕೆ ಹೋದಾಗ ನೋಡಿರ್ತೀರಿ, ಭಾಗವತರ ಮೈಕು ಸ್ಪೀಕರ್ ಎದುರಿಗೆ ಬಂದ್ರೆ ಕುಂಯ್ ಅಂತ ಕಿರುಚುತ್ತಲ್ಲ, ಹೊರಗಿನ ಆಂಟೆನಾ ಒಳಗಿನ ಆಂಟೆನಾದ ಸಿಗ್ನಲ್ ಕೇಳಿಸ್ಕೊಂಡ್ರೆ ಬೂಸ್ಟರೂ ಹಂಗೇ ಕಿರುಚುತ್ತೆ. ನಮ್ಮ ಕಿವಿಗೆ ಕೇಳ್ಸಲ್ಲ, ಟವರ್‌ಗೆ ಕೇಳುತ್ತೆ. ಆಗ ಆ ಟವರ್‌ಗೆ ದೂರದ ಮನೆಗಳ ಫೋನಿನ ಸಣ್ಣ ಸಿಗ್ನಲ್ ಈ ಗದ್ದಲದಲ್ಲಿ ಮುಚ್ಚಿಹೋಗುತ್ತೆ. ಅವ್ರ ಫೋನಲ್ಲಿ ಕಡ್ಡಿ ತುಂಬಾ ಇರುತ್ತೆ, ಕಾಲ್ ಮಾತ್ರ ಹೋಗಲ್ಲ.

ಮಾರೋ ಡಬ್ಬಿಗಳ ಮೇಲೆ 65 ಡಿಬಿ, 70 ಡಿಬಿ ಗೇನ್ ಅಂತ ಬರ್ದಿರ್ತಾರೆ, ಅಂದ್ರೆ ಸಿಗ್ನಲನ್ನ ಎಷ್ಟು ದೊಡ್ಡದು ಮಾಡುತ್ತೆ ಅನ್ನೋದ್ರ ಡೆಸಿಬೆಲ್ ಲೆಕ್ಕ. ಅದು ಸುರಕ್ಷಿತವಾಗಿ ಓಡ್ಬೇಕು ಅಂದ್ರೆ ಎರಡು ಆಂಟೆನಾ ಮಧ್ಯೆ ಗೇನ್‌ಗಿಂತ ಇನ್ನೂ 15 ಡಿಬಿ ಜಾಸ್ತಿ ತಡೆ ಇರ್ಬೇಕು. ಹೆಂಚಿನ ಮನೇಲಿ, ಹತ್ತು ಮೀಟರ್ ಕೇಬಲಲ್ಲಿ ಅಷ್ಟು ತಡೆ ಸಿಗೋದು ಬಹಳ ಕಷ್ಟ.

ಶಿವಮೊಗ್ಗ_ವಕೀಲ:
ಮೇಲಿನೋರು ತಾಂತ್ರಿಕ ವಿಚಾರ ಹೇಳಿದಾರೆ, ನಾನು ಕಾನೂನು ಹೇಳ್ತೀನಿ. ನಮ್ಮ ದೇಶದಲ್ಲಿ ಖಾಸಗಿಯವ್ರು ಮೊಬೈಲ್ ಬೂಸ್ಟರ್ ಇಟ್ಕೊಳ್ಳೋದು, ಮಾರೋದು, ಬಳಸೋದು ಮೂರೂ ಕಾನೂನುಬಾಹಿರ. 1885ರ ಟೆಲಿಗ್ರಾಫ್ ಕಾಯ್ದೆ, 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆ ಕಾಲದಿಂದ್ಲೂ ಲೈಸೆನ್ಸ್ ಇಲ್ದೆ ರೇಡಿಯೋ ಉಪಕರಣ ಇಟ್ಕೊಳ್ಳೋ ಹಾಗಿಲ್ಲ. ಅವೆರಡರ ಜಾಗಕ್ಕೆ ಅಂತ ಬಂದಿದ್ದು 2023ರ ದೂರಸಂಪರ್ಕ ಕಾಯ್ದೆ, ಅದ್ರಲ್ಲೂ ಅನುಮತಿ ಇಲ್ಲದ ರೇಡಿಯೋ ಉಪಕರಣಕ್ಕೆ ದಂಡ ಇದೆ. 2022ರಲ್ಲಿ ದೂರಸಂಪರ್ಕ ಇಲಾಖೆ ಸ್ಪಷ್ಟವಾಗಿ ಪ್ರಕಟಣೆ ಕೊಟ್ಟು, ಲೈಸೆನ್ಸ್ ಇರೋ ಟೆಲಿಕಾಂ ಕಂಪನಿ ಬಿಟ್ಟು ಬೇರೆ ಯಾರೂ ರಿಪೀಟರ್ ಬೂಸ್ಟರ್ ಇಟ್ಕೋಬಾರ್ದು ಅಂತ ಹೇಳಿದೆ, ಆನ್‌ಲೈನ್ ಮಾರಾಟಗಾರ್ರಿಗೂ ಎಚ್ಚರಿಕೆ ಕೊಟ್ಟಿದೆ.

ತುಂಗೆತೀರ:
ವಕೀಲ್ರೇ ಹಂಗಾದ್ರೆ ಅಂಗಡೀಲಿ, ಆನ್‌ಲೈನಲ್ಲಿ ರಾಜಾರೋಷವಾಗಿ ಮಾರ್ತಿದಾರಲ್ಲ ಅವ್ರಿಗೆ ಯಾಕಿಲ್ಲ ಕೇಸು? ಕಂಪನಿ ಟವರ್ ಹಾಕಲ್ಲ, ಸರ್ಕಾರ ಕೇಳಲ್ಲ, ನಾವು ದುಡ್ಡು ಕೊಟ್ಟು ನಮ್ಮನೇಲಿ ಹಾಕ್ಕೊಂಡ್ರೆ ತಪ್ಪು. ರೀಚಾರ್ಜ್ ಮಾತ್ರ ಬೆಂಗಳೂರೋರಷ್ಟೇ ಕೊಡ್ಬೇಕು.

ಶಿವಮೊಗ್ಗ_ವಕೀಲ:
ನಿಮ್ಮ ಸಿಟ್ಟು ನ್ಯಾಯವಾದದ್ದೇ. ಮಾರೋರ ಮೇಲೂ ಕ್ರಮ ಆಗ್ಬೇಕು ಅನ್ನೋದು ನನ್ನ ಅಭಿಪ್ರಾಯಾನೂ. ಆದ್ರೆ ಅಂಗಡೀಲಿ ಸಿಗುತ್ತೆ ಅನ್ನೋದು ನಿಮ್ಮ ಕೈಲಿ ಸಿಕ್ಕಿದ್ದಕ್ಕೆ ಉತ್ರ ಆಗಲ್ಲ.

ಬಿದನೂರಿನ_ದಾರಿ:
ತುಂಗೆತೀರ ಅವ್ರೇ ಒಂದು ಮಾತು ಕೇಳ್ತೀನಿ ಬೇಜಾರ್ ಮಾಡ್ಕೋಬೇಡಿ, ನೀವು ಹಾಕಿದ್ಮೇಲೆ ಸುತ್ತಮುತ್ತ ಮನೆಯೋರು ನೆಟ್‌ವರ್ಕ್ ಹಾಳಾಯ್ತು ಅಂತ ಏನಾದ್ರೂ ಹೇಳಿದಾರಾ?

ತುಂಗೆತೀರ:
ಎದುರು ಗುಡ್ಡದ ಮನೆಯೋರು ಸಂಜೆ ಹೊತ್ತು ಕಾಲ್ ಹೋಗಲ್ಲ ಅಂತಿದ್ರು. ಟವರ್ ಲೋಡ್ ಇರ್ಬೇಕು ಅಂತ ನಾನೂ ಅವ್ರೂ ಅಂದ್ಕೊಂಡಿದ್ವಿ. ನಮ್ಮದ್ರಿಂದ ಅಂತ ಯಾರಿಗೂ ಹೊಳೆದಿಲ್ಲ.

ತಂತಿಯಿಲ್ಲದ_ದಾರಿ:
ಒಂದು ಪರೀಕ್ಷೆ ಮಾಡಿ. ಎರಡು ದಿನ ಸಂಜೆ ಬೂಸ್ಟರ್ ಆಫ್ ಮಾಡಿ ಅವ್ರ ಹತ್ರ ಕಾಲ್ ಮಾಡ್ಸಿ, ಮತ್ತೆರಡು ದಿನ ಆನ್ ಮಾಡಿ ಮಾಡ್ಸಿ. ಗೊತ್ತಾಗುತ್ತೆ.

ನಾನು ಕಣ್ಣಾರೆ ನೋಡಿದ್ದು ಹೇಳ್ತೀನಿ. ಒಂದು ಊರಲ್ಲಿ ಮೂರು ಸೆಕ್ಟರ್ (ಮೂರು ದಿಕ್ಕಿಗೆ ಒಂದೊಂದು ಭಾಗ) ಇರೋ ಟವರಲ್ಲಿ ಒಂದೇ ಸೆಕ್ಟರ್ ದಿನಾ ಸಂಜೆ ಆರರಿಂದ ಹತ್ತರವರೆಗೆ ಹದಗೆಡ್ತಿತ್ತು. ಕೇಬಲ್ ಬದಲಾಯ್ಸಿದ್ವಿ, ಕಾರ್ಡ್ ಬದಲಾಯ್ಸಿದ್ವಿ, ಸರಿ ಹೋಗ್ಲಿಲ್ಲ. ಕೊನೆಗೆ ಸ್ಪೆಕ್ಟ್ರಮ್ ಅನಲೈಸರ್ ಅಂತ ಸಿಗ್ನಲ್ ಅಳೆಯೋ ಯಂತ್ರ ಹಿಡ್ಕೊಂಡು, ಕೈಯಲ್ಲಿ ಆಂಟೆನಾ ತಿರುಗಿಸ್ತಾ ತೋಟದೊಳಗೆ ನಡ್ಕೊಂಡು ಹೋದ್ರೆ ಒಂದು ಮನೆ ಮಾಡಿನ (ಛಾವಣಿಯ) ಮೇಲೆ ಹೋಗಿ ನಿಂತ್ವಿ. ಪಾಪ ವಯಸ್ಸಾದ ದಂಪತಿ, ಮಗ ಕಳ್ಸಿಕೊಟ್ಟ ಬೂಸ್ಟರ್. ಸಂಜೆ ಮಗ ಫೋನ್ ಮಾಡೋ ಹೊತ್ತಿಗೆ ಸ್ವಿಚ್ ಹಾಕ್ತಿದ್ರು. ನಾವು ಹೇಳಿದ್ಮೇಲೆ ಅವ್ರೇ ತೆಗೆದ್ರು. ಆ ಅಜ್ಜಿ ಮುಖ ನಂಗೆ ಇನ್ನೂ ನೆನಪಿದೆ, ಹಂಗಾಗಿ ಬೂಸ್ಟರ್ ಬೇಡ ಅಂತ ಹೇಳೋವಾಗ ಬದಲಿ ದಾರಿ ಏನು ಅಂತಾನೂ ಹೇಳೋದು ನಮ್ಮ ಜವಾಬ್ದಾರಿ.

ಜಗಲಿಕಟ್ಟೆ:
ಇದು ಗೊತ್ತೇ ಇರ್ಲಿಲ್ಲ. ಥ್ಯಾಂಕ್ಸ್ ಎಲ್ರಿಗೂ. ನಮ್ಮಿಂದ ಇನ್ನೊಬ್ಬರ ಮನೆ ಫೋನ್ ಹೋಗದೆ ಇರೋ ಹಂಗೆ ಆಗ್ಬಾರ್ದು, ಅವ್ರ ಮನೇಲೂ ವಯಸ್ಸಾದೋರು ಇರ್ತಾರೆ. ಬೂಸ್ಟರ್ ಕೈಬಿಟ್ಟೆ. ಆದ್ರೆ ಮತ್ತೆಂತ ಮಾಡೋದು ಮಾರಾಯ್ರೆ?

ಊರುಬಿಟ್ಟವ:
ನಾನು ಅಮೆರಿಕದಲ್ಲಿದೀನಿ, ಮೂಲ ರಿಪ್ಪನ್‌ಪೇಟೆ. ಇಲ್ಲಿ ಮನೆಗೆ ಬೂಸ್ಟರ್ ಹಾಕೋದಕ್ಕೆ ಅವಕಾಶ ಇದೆ, ಎಫ್‌ಸಿಸಿ (ಇಲ್ಲಿನ ದೂರಸಂಪರ್ಕ ನಿಯಂತ್ರಣ ಸಂಸ್ಥೆ) ಪ್ರಮಾಣಪತ್ರ ಇರೋದೇ ಆಗ್ಬೇಕು, ಕಂಪನಿ ಹತ್ರ ರಿಜಿಸ್ಟರ್ ಮಾಡ್ಬೇಕು. ಒಳ್ಳೇದು ಒಂದು ತಂದ್ಕೊಡ್ಲಾ, ಡಿಸೆಂಬರ್‌ಗೆ ಬರ್ತಿದೀನಿ.

ತಂತಿಯಿಲ್ಲದ_ದಾರಿ:
ಬೇಡ ಸರ್. ಅಲ್ಲಿನ ಬೂಸ್ಟರ್ ಕಿರುಚೋಕೆ ಶುರುವಾದ್ರೆ ತಾನೇ ಗೇನ್ ತಗ್ಗಿಸ್ಕೊಳ್ಳುತ್ತೆ ಇಲ್ಲ ಆಫ್ ಆಗುತ್ತೆ, ಪ್ರಮಾಣಪತ್ರಕ್ಕೆ ಅದು ಕಡ್ಡಾಯ, ಅದು ಒಳ್ಳೇ ನಿಯಮ. ಆದ್ರೆ ಇಲ್ಲಿ ಅದೂ ಕಾನೂನುಬಾಹಿರಾನೇ. ಮತ್ತೆ ಬ್ಯಾಂಡೇ, ಅಂದ್ರೆ ಸಿಗ್ನಲ್ ಓಡೋ ಫ್ರೀಕ್ವೆನ್ಸೀನೇ ಬೇರೆ. ಅಲ್ಲಿ 700, 850, 1700, 1900 ಮೆಗಾಹರ್ಟ್ಜ್. ನಮ್ಮಲ್ಲಿ 900, 1800, 2100, 2300. ತಂದ್ರೂ ಷೋಕೇಸಲ್ಲಿ ಕೂರುತ್ತೆ.

ಬಿದನೂರಿನ_ದಾರಿ:
ಒಂದು ತಿದ್ದುಪಡಿ. 850 ನಮ್ಮಲ್ಲೂ ಇದೆ, ಜಿಯೋ 4ಜಿ ಬ್ಯಾಂಡ್ 5 ಅದೇ. ಬಿಎಸ್‌ಎನ್‌ಎಲ್ 4ಜಿ 700ರಲ್ಲೂ ಇದೆ, ಅಮೆರಿಕದ 700ಕ್ಕೂ ಅದಕ್ಕೂ ತಾಳೆ ಆಗಲ್ಲ ಅಷ್ಟೆ.

ತಂತಿಯಿಲ್ಲದ_ದಾರಿ:
ಹೌದು, ಸರಿಯಾಗಿ ಹೇಳಿದ್ರಿ. 850 ಮರ್ತೆ. ಗುಡ್ಡದ ಕಡೆ ಅದೇ ಮುಖ್ಯ ಬೇರೆ. ಬ್ಯಾಂಡ್ ಕೆಳಗಿಳಿದಷ್ಟೂ ಮರ, ಗೋಡೆ ದಾಟಿ ಬರುತ್ತೆ. 2300 ಮಳೇಲಿ ನೆಂದ ಎಲೆಗಳ ಮಧ್ಯೆ ಅಲ್ಲೇ ಸತ್ತುಹೋಗುತ್ತೆ. ಇನ್ನೊಂದು, 2300ರಲ್ಲಿ ಕಳ್ಸೋದು ಪಡೆಯೋದು ಎರಡೂ ಒಂದೇ ಫ್ರೀಕ್ವೆನ್ಸೀಲಿ ಸರದಿ ಪ್ರಕಾರ ನಡೆಯುತ್ತೆ, ಸಾಧಾರಣ ಡಬ್ಬಿಗೆ ಆ ಸರದಿ ಗೊತ್ತಾಗಲ್ಲ.

ಟೀಚರಮ್ಮ_ತೀರ್ಥಹಳ್ಳಿ:
ಜಗಲಿಕಟ್ಟೆ ಅವ್ರೇ ನಿಮ್ಮೂರಿಗೆ ಫೈಬರ್ ಇಂಟರ್ನೆಟ್ ಬಂದಿದೆಯಾ ನೋಡಿ ಮೊದ್ಲು. ಬಂದಿದ್ರೆ ನಿಮ್ಮ ಸಮಸ್ಯೆ ಮುಕ್ಕಾಲು ಮುಗೀತು. ನಮ್ಮನೇಲಿ ಮೊಬೈಲ್ ನೆಟ್‌ವರ್ಕ್ ಸೊನ್ನೆ, ಸೊನ್ನೆ ಅಂದ್ರೆ ಸೊನ್ನೇನೇ. ಎರಡೂವರೆ ವರ್ಷದಿಂದ ಮನೆಯೊಳಗೆ ಎಲ್ಲಾ ಕಾಲೂ ವೈಫೈ ಕಾಲಿಂಗ್ ಮೇಲೆ ನಡೀತಿದೆ. ವಾಟ್ಸಾಪ್ ಕಾಲ್ ಅಲ್ಲ ಇದು, ನಮ್ಮ ಮಾಮೂಲಿ ನಂಬರಿಗೇ ಮಾಮೂಲಿ ಕಾಲ್ ಬರುತ್ತೆ, ಆ ಕಡೆಯೋರಿಗೆ ವ್ಯತ್ಯಾಸಾನೇ ಗೊತ್ತಾಗಲ್ಲ, ಬ್ಯಾಂಕಿನ ಒಟಿಪಿಯೂ ಬರುತ್ತೆ. ಬೇರೆ ಚಾರ್ಜ್ ಇಲ್ಲ. ಏರ್‌ಟೆಲ್‌ನಲ್ಲಿ 2019ರ ಡಿಸೆಂಬರಿಂದ, ಜಿಯೋದಲ್ಲಿ 2020ರ ಜನವರಿಯಿಂದ ಇದೆ, ಆದ್ರೂ ನಮ್ಮ ಕಡೆ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಫೋನ್ ಸೆಟ್ಟಿಂಗ್ಸಲ್ಲಿ ಸಿಮ್ ಅಂತ ಇರೋ ಕಡೆ ವೈಫೈ ಕಾಲಿಂಗ್ ಅಂತ ಒಂದು ಸ್ವಿಚ್ ಇರುತ್ತೆ, ಅದನ್ನ ಆನ್ ಮಾಡೋದು.

ನಮ್ಮ ಶಾಲೆ ಮಕ್ಕಳು ಕೊರೊನಾ ಟೈಮಲ್ಲಿ ಗುಡ್ಡದ ತುದೀಲಿ ಟಾರ್ಪಾಲ್ ಕಟ್ಕೊಂಡು ಕೊಡೆ ಹಿಡ್ಕೊಂಡು ಪಾಠ ಕೇಳಿದಾರೆ, ಜಿಗಣೆ ಕಚ್ಚಿಸ್ಕೊಂಡು. ಆ ದಿನ ನೆನೆಸ್ಕೊಂಡ್ರೆ ಹೊಟ್ಟೆ ಉರಿಯುತ್ತೆ. ಹಾಗಾಗಿ ಈ ವೈಫೈ ಕಾಲಿಂಗ್ ವಿಷ್ಯ ಸಿಕ್ಕಿದೋರಿಗೆಲ್ಲ ಹೇಳ್ತಿರ್ತೀನಿ.

ಸಾಗರದ_ಸೋಗೆ:
ಮೇಡಂ ಕೀಪ್ಯಾಡ್ ಫೋನಲ್ಲಿ ಬರುತ್ತಾ? ನಮ್ಮಜ್ಜಿ ಟಚ್ ಫೋನ್ ಮುಟ್ಟಲ್ಲ.

ಟೀಚರಮ್ಮ_ತೀರ್ಥಹಳ್ಳಿ:
ಸಾಧಾರಣ ಕೀಪ್ಯಾಡ್ ಫೋನಲ್ಲಿ ಬರಲ್ಲ. ಆದ್ರೆ ಫೈಬರ್ ಡಬ್ಬಿ ಹಿಂದೆ ಲ್ಯಾಂಡ್‌ಲೈನ್ ಪಿನ್ ಇರುತ್ತೆ ನೋಡಿ, ಅದಕ್ಕೆ ಹಳೇ ಟೆಲಿಫೋನ್ ಚುಚ್ಚಿದ್ರೆ ಆಯ್ತು, ಪ್ಲಾನ್ ಜೊತೇಲೇ ಲ್ಯಾಂಡ್‌ಲೈನ್ ನಂಬರ್ ಕೊಡ್ತಾರೆ. ನಮ್ಮತ್ತೆಗೆ ಅದೇ ಅಚ್ಚುಮೆಚ್ಚು, ರಿಸೀವರ್ ಎತ್ತಿದ್ರೆ ಮಾತಾಡ್ದಂಗೆ ಆಗುತ್ತೆ ಅಂತಾರೆ.

ಹೆಂಚಿನಮನೆ:
ಲ್ಯಾಂಡ್‌ಲೈನ್ ಅಂದ್ಕೂಡ್ಲೇ ನೆನಪಾಯ್ತು. ಒಂದ್ಕಾಲದಲ್ಲಿ ನಮ್ಮ ಕಡೆ ಮನೆಗಳಿಗೆ ಡಬ್ಲ್ಯುಎಲ್‌ಎಲ್ ಅಂತ ತಂತಿ ಎಳೆಯದ ಫೋನ್ ಕೊಟ್ಟಿದ್ರಲ್ಲ, ಮೇಜಿನ ಮೇಲೆ ಇಡೋದು, ಮಾಡಿನ ಮೇಲೆ ಕಬ್ಬಿಣದ ಪೈಪಿಗೆ ಮೀನಿನ ಮುಳ್ಳಿನ ಥರ ಆಂಟೆನಾ. ಅದು ಎಷ್ಟು ಚೆನ್ನಾಗಿ ಬರ್ತಿತ್ತು! ನಮ್ಮಪ್ಪ ಆಂಟೆನಾ ಪೈಪಿಗೆ ಸುಣ್ಣದಲ್ಲಿ ಗುರುತು ಹಾಕಿದ್ರು, ಗಾಳಿಗೆ ತಿರುಗಿದ್ರೆ ಹತ್ತಿ ಆ ಗೆರೆಗೆ ಸರಿಯಾಗಿ ಕೂರಿಸೋರು. ಈಗಿನ ಫೋನಿಗೂ ಹಂಗೆ ಆಂಟೆನಾ ಸಿಗ್ಸೋಕೆ ಆಗಲ್ವಾ?

ತಂತಿಯಿಲ್ಲದ_ದಾರಿ:
ಹೆಂಚಿನಮನೆ ಅವ್ರೇ ನೀವು ಹೇಳಿದ್ದು ಬಹಳ ಮುಖ್ಯವಾದ್ದು. ಫೈಬರ್ ಬರದ ಊರಿಗೆ ಅದೇ ದಾರಿ. ಫೋನಿಗೆ ಸಿಗ್ಸೋಕಾಗಲ್ಲ, ಆದ್ರೆ ಸಿಮ್ ಹಾಕೋ 4ಜಿ ರೂಟರ್ ಬರುತ್ತೆ, ಅದ್ರಲ್ಲಿ ಕೆಲವಕ್ಕೆ ಹೊರಗಿನ ಆಂಟೆನಾ ಸಿಗಿಸೋಕೆ ಎರಡು ಪೋರ್ಟ್ ಇರುತ್ತೆ. ಆಂಟೆನಾ ಮೇಲೆ, ರೂಟರ್ ಒಳಗೆ, ರೂಟರಿಂದ ವೈಫೈ, ವೈಫೈ ಮೇಲೆ ವೈಫೈ ಕಾಲಿಂಗ್. ಬೂಸ್ಟರ್‌ಗೂ ಇದಕ್ಕೂ ವ್ಯತ್ಯಾಸ ಏನಪ್ಪಾ ಅಂದ್ರೆ ರೂಟರ್ ಕೂಡ ಒಂದು ಫೋನ್ ಇದ್ದಂಗೆ, ಎಷ್ಟು ಪವರಲ್ಲಿ ಕೂಗ್ಬೇಕು ಅಂತ ಟವರ್ ಹೇಳುತ್ತೆ, ಅದು ಅಷ್ಟೇ ಕೂಗುತ್ತೆ. ಬೂಸ್ಟರ್ ಯಾರ ಮಾತೂ ಕೇಳಲ್ಲ.

ಕೇಬಲ್ ಬಗ್ಗೆ ಎಚ್ಚರ. ಸಣ್ಣ ಆರ್‌ಜಿ 58 ಕೇಬಲಲ್ಲಿ 900ರ ಹತ್ರ ಮೀಟರ್‌ಗೆ ಸುಮಾರು ಅರ್ಧ ಡಿಬಿ ಹೋಗುತ್ತೆ, ಮೇಲಿನ ಬ್ಯಾಂಡಲ್ಲಿ ಇನ್ನೂ ಜಾಸ್ತಿ. ಹತ್ತು ಮೀಟರ್ ಎಳೆದ್ರೆ ಐದು ಡಿಬಿ ಅಲ್ಲೇ ಮಣ್ಣಾಯ್ತು, ಅಂದ್ರೆ ಸಿಗ್ನಲ್ ಮೂರರಲ್ಲಿ ಒಂದು ಭಾಗಕ್ಕೆ ಇಳೀತು. ದಪ್ಪ ಎಲ್‌ಎಂಆರ್ 400 ಹಾಕಿದ್ರೆ ಅಷ್ಟೇ ದೂರಕ್ಕೆ ಒಂದೂವರೆ ಡಿಬಿಯೊಳಗೆ. ಇಲ್ಲಾಂದ್ರೆ ಹೊರಗೇ ಇಡೋ ರೂಟರ್ ತಗೊಂಡು ಅದನ್ನೇ ಮೇಲೆ ಕಟ್ಟಿ, ನೆಟ್‌ವರ್ಕ್ ಕೇಬಲಲ್ಲೇ ಕರೆಂಟೂ ಕಳ್ಸಿ, ಒಳಗೆ ವೈಫೈ ಡಬ್ಬಿ ಇಡೋದು ಇನ್ನೂ ಒಳ್ಳೇದು.

ಅಡಕೆಗೊನೆ:
ಟಿವಿ ಡಿಶ್ ಕೇಬಲ್ ಮನೇಲಿ ಸುಮಾರು ಬಿದ್ದಿದೆ, ಅದು 75 ಓಮ್, ಇದು 50 ಓಮ್, ಹಾಕಲೇಬಾರ್ದು ಅಂತ ಅಂಗಡಿಯೋರು ಹೇಳಿದ್ರು. ನಿಜಾನಾ?

ತಂತಿಯಿಲ್ಲದ_ದಾರಿ:
ಓಮ್ ವ್ಯತ್ಯಾಸದಿಂದ ಹೋಗೋದು ಬಹಳ ಕಡಿಮೆ, ಒಂದು ಡಿಬಿಯ ಕಾಲು ಭಾಗಾನೂ ಇಲ್ಲ. ನಿಮ್ಮ ಡಿಶ್ ಕೇಬಲ್ ಒಳ್ಳೇ ಆರ್‌ಜಿ 6 ಆದ್ರೆ ಆ ಸಣ್ಣ ಆರ್‌ಜಿ 58ಕ್ಕಿಂತ ವಾಸಿ. ಕಷ್ಟ ಇರೋದು ಕನೆಕ್ಟರ್ ಸರಿಯಾಗಿ ಕೂರ್ಸೋದ್ರಲ್ಲಿ. ಅಲ್ಲಿ ನೀರು ಹೋದ್ರೆ ಮುಗೀತು, ನಮ್ಮ ಮಳೇಗೆ ಒಂದೇ ಜೂನ್ ಸಾಕು. ರಬ್ಬರ್ ಟೇಪ್ ಬಿಗಿಯಾಗಿ ಸುತ್ತಿ, ಕೇಬಲ್ ಒಳಗೆ ಬರೋ ಮುಂಚೆ ಒಂದು ಬಾಗು ಇಳಿಬಿಡಿ, ನೀರು ಅಲ್ಲಿಂದ ತೊಟ್ಟಿಕ್ಕುತ್ತೆ.

ಕರೆಂಟ್_ಕೆಲಸ:
ಎಲ್ಲಾ ಸರಿ, ಸಿಡ್ಲಿನ ಬಗ್ಗೆ ಯಾರೂ ಮಾತೇ ಎತ್ತಿಲ್ವಲ್ಲ. ನಾನು ಎಲೆಕ್ಟ್ರಿಷಿಯನ್, ಏಪ್ರಿಲ್ ಮೇ ಎರಡು ತಿಂಗಳು ಸಿಡ್ಲು ಹೊಡ್ದ ಮನೆ ವೈರಿಂಗ್ ಮಾಡೋದೇ ಕೆಲಸ. ಮಾಡಿನ ಮೇಲೆ ಕಬ್ಬಿಣದ ಪೈಪ್ ನಿಲ್ಸಿದ್ರೆ ಅದಕ್ಕೆ ಪ್ರತ್ಯೇಕ ಅರ್ತಿಂಗ್ ಮಾಡ್ಲೇಬೇಕು, ದಪ್ಪ ತಂತೀಲಿ, ಸುತ್ತಿ ಬಳಸಿ ಅಲ್ಲ ನೇರವಾಗಿ ಕೆಳಗೆ. ಕೇಬಲ್‌ಗೆ ಸರ್ಜ್ ಅರೆಸ್ಟರ್ (ಸಿಡ್ಲಿನ ಹೊಡೆತ ತಗ್ಗಿಸೋ ಸಾಧನ) ಹಾಕಿ. ಅದೆಲ್ಲ ಇದ್ರೂ ಗುಡುಗು ಶುರುವಾದ್ರೆ ಕೇಬಲ್ ಕಿತ್ತಿಡಿ, ನೇರ ಸಿಡ್ಲಿಗೆ ಯಾವ ಅರೆಸ್ಟರೂ ತಡೆಯಲ್ಲ. ಹೋದ್ವರ್ಷ ಒಂದು ಮನೇಲಿ ಆಂಟೆನಾ ಕೇಬಲಲ್ಲಿ ಬಂದದ್ದು ಟಿವಿ, ಇನ್ವರ್ಟರ್, ಬಾವಿ ಮೋಟಾರ್ ಸ್ಟಾರ್ಟರ್ ಮೂರೂ ಸುಟ್ಟುಹಾಕ್ತು. ಗೋಡೆ ಮೇಲೆ ಕೇಬಲ್ ಹೋದ ದಾರಿಗೆ ಸರಿಯಾಗಿ ಕಪ್ಪು ಗೆರೆ ಬಿದ್ದಿತ್ತು. ಮನುಷ್ಯರು ಉಳಿದಿದ್ದೇ ಹೆಚ್ಚು.

ಅಡಕೆಗೊನೆ:
ಅಡಕೆ ಮರಕ್ಕೆ ಕಟ್ಟಿದ್ರೆ? ಅರ್ತಿಂಗ್ ತಾಪತ್ರಯ ಇಲ್ಲ.

ಕರೆಂಟ್_ಕೆಲಸ:
ಮರಕ್ಕೆ ಕಟ್ಟಿದ್ರೂ ಕೇಬಲ್ ಮನೆಯೊಳಗೇ ಬರೋದಲ್ವಾ, ತಾಪತ್ರಯ ಅಷ್ಟೇ ಇದೆ. ಮತ್ತೆ ಅಡಕೆ ಮರ ಗಾಳಿಗೆ ಆ ಕಡೆ ಈ ಕಡೆ ತೂಗುತ್ತೆ, ಆಂಟೆನಾ ದಿಕ್ಕೇ ನಿಲ್ಲಲ್ಲ.

ಹಿನ್ನೀರಿನವಳು:
ಟವರ್ ವಿಷ್ಯ ಬಂತಲ್ಲ, ನಾನು ಶರಾವತಿ ಹಿನ್ನೀರಿನ ತುಮರಿ ಕಡೆಯವಳು, ಹೇಳ್ದೆ ಇರೋಕಾಗಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ ನಮ್ಮ ಹಿರೀಕರ ಊರು ಮುಳುಗಿಸಿದ್ರು. ಶರಾವತಿಯಿಂದ 1035 ಮೆಗಾವಾಟ್ ಕರೆಂಟ್ ಇಡೀ ನಾಡಿಗೆ ಹೋಗುತ್ತೆ, ನಮ್ಮೂರಲ್ಲಿ ಕರೆಂಟ್ ಹೋದ್ರೆ ಟವರ್ ಹೋಗುತ್ತೆ, ಟವರ್ ಹೋದ್ರೆ ಕರೆಂಟ್ ಹೋಗಿದೆ ಅಂತ ಹೇಳೋಕೂ ಫೋನಿಲ್ಲ. ಸೇತುವೆಗೆ ಅರವತ್ತು ವರ್ಷ ಕಾಯ್ಬೇಕಾಯ್ತು, 2025ರ ಜುಲೈ 14ಕ್ಕೆ ಉದ್ಘಾಟನೆ ಆಯ್ತು. ಅದಕ್ಕೆ ಮುಂಚೆ ಹೊಳೆಬಾಗಿಲಲ್ಲಿ ಲಾಂಚ್‌ಗೆ ಕಾಯ್ಕೊಂಡು ನಿಂತ ಗರ್ಭಿಣಿಯರ ಕಥೆ ಕೇಳಿದ್ರೆ ಕಣ್ಣೀರು ಬರುತ್ತೆ. ನೆಟ್‌ವರ್ಕ್ ಅಂದ್ರೆ ನಮ್ಗೆ ರೀಲ್ಸ್ ನೋಡೋದಲ್ಲ, ಆಂಬುಲೆನ್ಸ್.

ಬಿದನೂರಿನ_ದಾರಿ:
ನೂರಕ್ಕೆ ನೂರು ನಿಜ. ನೋ ನೆಟ್‌ವರ್ಕ್ ನೋ ವೋಟಿಂಗ್ ಅಂತ ಬೋರ್ಡ್ ಹಾಕಿದ್ದು ಸುಮ್ನೆ ಅಲ್ಲ.

ಪಂಚಾಯ್ತಿ_ಸದಸ್ಯೆ:
ನಾನು ಗ್ರಾಮ ಪಂಚಾಯ್ತಿ ಸದಸ್ಯೆ, ಟವರ್‌ಗೆ ನಾಲ್ಕು ವರ್ಷ ಓಡಾಡಿದೀನಿ. ಬೋರ್ಡ್ ಹಾಕೋದು ತಪ್ಪಲ್ಲ, ಆದ್ರೆ ಅದ್ರ ಜೊತೆ ಕಾಗದಾನೂ ಓಡ್ಬೇಕು. 2022ರ ಜುಲೈಯಲ್ಲಿ ಕೇಂದ್ರ 26,316 ಕೋಟಿ ರೂಪಾಯಿ ಯೋಜನೆ ಮಂಜೂರು ಮಾಡ್ತು, ನೆಟ್‌ವರ್ಕ್ ಇಲ್ಲದ 24,680 ಹಳ್ಳಿಗೆ 4ಜಿ ಅಂತ. ನಿಮ್ಮೂರು ಆ ಪಟ್ಟೀಲಿ ಇದೆಯಾ ಅಂತ ಮೊದ್ಲು ವಿಚಾರಿಸಿ. ಇಲ್ದಿದ್ರೆ ಗ್ರಾಮಸಭೇಲಿ ಠರಾವು ಮಾಡ್ಸಿ ಕಳ್ಸಿ, ಒಬ್ಬೊಬ್ರ ಅರ್ಜಿಗಿಂತ ಠರಾವಿಗೆ ತೂಕ ಜಾಸ್ತಿ. ನಮ್ಮಲ್ಲಿ ಜಾಗ ಅರಣ್ಯದ್ದು ಅಂತ ಎರಡು ವರ್ಷ ನಿಂತುಹೋಯ್ತು. ಆಮೇಲೆ ಒಬ್ರು ರೈತರು ತಮ್ಮ ಖಾತೆ ಜಮೀನಲ್ಲಿ ಜಾಗ ಕೊಟ್ರು.

ಫೈಬರ್ ಎಳೆಯೋಕೆ ಕಾಡು ಅಡ್ಡ ಬಂದ್ರೆ ಅರಣ್ಯ ಹಕ್ಕು ಕಾಯ್ದೆಯ 3(2) ನೋಡಿ. ಅದ್ರಲ್ಲಿ ದೂರವಾಣಿ ಲೈನ್ ಹೆಸ್ರು ಇದೆ. ಒಂದು ಹೆಕ್ಟೇರ್ ಒಳಗೆ, ಹೆಕ್ಟೇರ್‌ಗೆ 75 ಮರ ಮೀರದ ಹಾಗೆ, ಗ್ರಾಮಸಭೆ ಶಿಫಾರಸು ಇದ್ರೆ ಅವಕಾಶ ಇದೆ.

ತಂತಿಯಿಲ್ಲದ_ದಾರಿ:
ಮೇಡಂ ಕೊಟ್ಟ ಮಾಹಿತಿ ಚಿನ್ನ. ಇನ್ನೊಂದು ಸೇರಿಸ್ತೀನಿ, ಹಳ್ಳಿ ಕಡೆ ಟೆಲಿಕಾಂಗೆ ಅಂತ ಇರೋ ಕೇಂದ್ರದ ಡಿಜಿಟಲ್ ಭಾರತ್ ನಿಧಿ ದುಡ್ಡಲ್ಲಿ ಕಟ್ಟಿದ ಟವರ್‌ಗಳಲ್ಲಿ 2025ರ ಜನವರಿಯಿಂದ ಇಂಟ್ರಾ ಸರ್ಕಲ್ ರೋಮಿಂಗ್ ಶುರು ಮಾಡಿದಾರೆ. ಅಲ್ಲಿ ಒಂದು ಕಂಪನಿ ಟವರ್ ಇದ್ರೂ ಬೇರೆ ಕಂಪನಿ ಸಿಮ್ಮಿಗೂ 4ಜಿ ಸಿಗೋ ವ್ಯವಸ್ಥೆ.

ಜಗಲಿಕಟ್ಟೆ ಅವ್ರೇ, ಊರಿಗೆ ಹೋದಾಗ ಅಳತೆ ಮಾಡಿ. ಕಡ್ಡಿ ಲೆಕ್ಕ ನಂಬಬೇಡಿ, ಒಂದೊಂದು ಫೋನಲ್ಲಿ ಒಂದೊಂದು ಥರ. ಆಂಡ್ರಾಯ್ಡಲ್ಲಿ ಸೆಟ್ಟಿಂಗ್ಸ್, ಅಬೌಟ್ ಫೋನ್, ಸಿಮ್ ಸ್ಟೇಟಸ್‌ಗೆ ಹೋದ್ರೆ ಸಿಗ್ನಲ್ ಬಲ ಮೈನಸ್ ಎಷ್ಟು ಡಿಬಿಎಂ ಅಂತ ಬರುತ್ತೆ. 4ಜಿಗೆ ಮೈನಸ್ 95ರ ಒಳಗೆ ಚೆನ್ನಾಗಿದೆ, ಮೈನಸ್ 115 ದಾಟಿದ್ರೆ ಕಷ್ಟ. ಮೂರು ಡಿಬಿ ವ್ಯತ್ಯಾಸ ಅಂದ್ರೆ ಸಿಗ್ನಲ್ ಎರಡು ಪಟ್ಟು, ಹತ್ತು ಡಿಬಿಗೆ ಹತ್ತು ಪಟ್ಟು. ಎಲ್ಲಾ ಸಿಮ್ಮಲ್ಲೂ ನೋಡಿ, ಜಗಲಿ, ಮಾಡಿನ ತುದಿ, ದರೆ ಮೇಲೆ ಬೇರೆ ಬೇರೆ ಬರ್ಕೊಳ್ಳಿ. ಹತ್ರದ ಟವರ್ ಎಲ್ಲಿದೆ ಅಂತ ಸರ್ಕಾರದ ತರಂಗ್ ಸಂಚಾರ್ ಪೋರ್ಟಲಲ್ಲಿ ಸಿಗುತ್ತೆ. ಮನೆಗೆ ಶೀಟ್ ಹಾಕ್ಸಿದೀರಾ?

ಜಗಲಿಕಟ್ಟೆ:
ಹೌದು ಸರ್, ಮೂರು ವರ್ಷದ ಹಿಂದೆ ಹೆಂಚಿನ ಮೇಲೆ ಪೂರ್ತಿ ಜಿಂಕ್ ಶೀಟ್ ಹಾಕ್ಸಿದ್ವಿ, ಸೋರುತ್ತೆ ಅಂತ. ಅದಾದ್ಮೇಲೇ ಒಳಗೆ ಪೂರ್ತಿ ನಿಂತಿದ್ದು ಅನ್ಸುತ್ತೆ ಈಗ ಯೋಚ್ನೆ ಮಾಡಿದ್ರೆ. ಮೊದ್ಲು ಅಟ್ಟದ ಕಿಟಕೀಲಿ ಬರ್ತಿತ್ತು.

ತಂತಿಯಿಲ್ಲದ_ದಾರಿ:
ಅದೇ ಕಾರಣ. ಲೋಹದ ಶೀಟ್ ಸಿಗ್ನಲನ್ನ ಒಳಗೆ ಬಿಡಲ್ಲ. ಶೀಟ್ ತೆಗೆಯೋದು ಬೇಡ, ಮಳೆಗಾಲಕ್ಕೆ ಮನೆ ಮುಖ್ಯ. ಆಂಟೆನಾ ಹೊರಗೆ ಬಂದ್ರೆ ಸಾಕು.

ಸಾಗರದ_ಸೋಗೆ:
ಶೀಟ್ ಹಾಕ್ಸಿದೋರು ಮಳೆ ಶಬ್ದಕ್ಕೆ ಏನ್ ಮಾಡಿದೀರಿ? ನಮ್ಮನೇಲಿ ಜುಲೈನಲ್ಲಿ ಎದುರು ಕೂತೋರ ಮಾತೂ ಕೇಳ್ಸಲ್ಲ.

ಹೆಂಚಿನಮನೆ:
ಹೆಂಚು ತೆಗೀದೆ ಅದ್ರ ಮೇಲೇ ಎತ್ತರಕ್ಕೆ ಶೀಟ್ ಹಾಕ್ಸಿ, ಶಬ್ದ ಅರ್ಧ ಕಡಿಮೆ.

ತುಂಗೆತೀರ:
ಪರೀಕ್ಷೆ ಮಾಡ್ದೆ. ನಾಲ್ಕು ದಿನ. ಬೂಸ್ಟರ್ ಆಫ್ ಇದ್ದ ಎರಡು ಸಂಜೆ ಎದುರು ಗುಡ್ಡದೋರಿಗೆ ಎಲ್ಲಾ ಕಾಲೂ ಹೋಗಿದೆ, ಆನ್ ಇದ್ದಾಗ ಆರರಲ್ಲಿ ನಾಲ್ಕು ಫೇಲ್. ಅವ್ರ ಮನೇಲಿ ಡಯಾಲಿಸಿಸ್‌ಗೆ ಹೋಗೋರು ಇದಾರೆ. ಡಬ್ಬಿ ಬಿಚ್ಚಿ ಇಟ್ಟಿದೀನಿ, ಅವ್ರ ಮನೆಗೆ ಹೋಗಿ ವಿಷ್ಯ ಹೇಳಿ ಬಂದೆ. ಟೀಚರಮ್ಮ, ನಿಮ್ಮ ವೈಫೈ ಕಾಲಿಂಗ್ ನಮ್ಮ ಫೋನಲ್ಲಿ ಆನ್ ಮಾಡಿದ್ರೂ ಮನೆಯೊಳಗೆ ಮಾಮೂಲಿ ನೆಟ್‌ವರ್ಕಿಗೇ ಜೋತುಬೀಳುತ್ತೆ, ಎಂತ ಮಾಡೋದು?

ಟೀಚರಮ್ಮ_ತೀರ್ಥಹಳ್ಳಿ:
ಒಳ್ಳೇ ಕೆಲಸ ಮಾಡಿದ್ರಿ. ಅರ್ಧಂಬರ್ಧ ಕಡ್ಡಿ ಇದ್ರೆ ಕೆಲವು ಫೋನ್ ಹಂಗೇ ಮಾಡುತ್ತೆ. ಅದೇ ಸೆಟ್ಟಿಂಗಲ್ಲಿ ವೈಫೈಗೆ ಆದ್ಯತೆ ಅನ್ನೋ ಆಯ್ಕೆ ಇದ್ರೆ ಅದನ್ನ ಹಾಕಿ. ಇಲ್ದಿದ್ರೆ ಏರೋಪ್ಲೇನ್ ಮೋಡ್ ಹಾಕಿ ಆಮೇಲೆ ವೈಫೈ ಮಾತ್ರ ಆನ್ ಮಾಡಿ. ಹೊರಗೆ ಹೋಗೋವಾಗ ತೆಗೆಯೋದು ಮರೀಬೇಡಿ.

ಜಗಲಿಕಟ್ಟೆ:
ಊರಿಗೆ ಹೋಗಿ ಬಂದೆ, ಉದ್ದ ಬರೀತೀನಿ ಕ್ಷಮ್ಸಿ.

ಫೈಬರ್ ನಮ್ಮೂರಿಂದ ಎರಡೂವರೆ ಕಿಲೋಮೀಟರ್ ಹಿಂದೆ ನಿಂತಿದೆ, ಹನ್ನೊಂದು ಮನೆ ಒಪ್ಪಿದ್ರೆ ಎಳೀತೀವಿ ಅಂದ್ರು, ಏಳು ಮನೆ ಆಗಿದೆ. ಅಲ್ಲಿವರೆಗೆ ಅಂತ ಆಂಟೆನಾ ರೂಟರ್ ದಾರಿ ಹಿಡ್ದೆ. ಅಳತೆ ಮಾಡಿದ್ರೆ ಜಗಲಿ ಕಂಬದ ಹತ್ರ ಮೈನಸ್ 116, ಅಡುಗೆಮನೇಲಿ ಏನೂ ಇಲ್ಲ, ಮಾಡಿನ ತುದೀಲಿ ಮೈನಸ್ 108. ಹಿಂದಿನ ದರೆ ಮೇಲೆ ಹಲಸಿನ ಮರದ ಬುಡದಲ್ಲಿ ಬೇರೆ ಕಂಪನಿ ಸಿಮ್ಮಲ್ಲಿ ಮೈನಸ್ 97! ಆ ಸಿಮ್ ನಮ್ಮನೇಲಿ ಯಾರೂ ಬಳಸ್ತಾನೇ ಇರ್ಲಿಲ್ಲ. ಹೊರಗಿಡೋ ರೂಟರ್ ತಂದು ಅಲ್ಲೇ ಪೈಪ್ ನಿಲ್ಸಿ ಕಟ್ಟಿದೀವಿ, ಮನೆಗೆ ನೆಟ್‌ವರ್ಕ್ ಕೇಬಲ್ ಅರವತ್ತು ಮೀಟರ್, ಪಿವಿಸಿ ಪೈಪೊಳಗೆ. ಅರ್ತಿಂಗ್ ಊರಿನ ಎಲೆಕ್ಟ್ರಿಷಿಯನ್ ಕೈಲೇ ಮಾಡ್ಸಿದೀನಿ. ಒಟ್ಟು ಹನ್ನೆರಡು ಸಾವಿರ ಚಿಲ್ರೆ ಆಯ್ತು.

ಅಪ್ಪನ ಫೋನಲ್ಲಿ ವೈಫೈ ಕಾಲಿಂಗ್ ಬಂತು. ನಿನ್ನೆ ಅಮ್ಮ ಫೋನ್ ಮಾಡಿದಾಗ ಹಿಂದೆ ಒಗ್ಗರಣೆ ಚಟಪಟ ಅನ್ನೋದು ಕೇಳಿಸ್ತು. ಇಷ್ಟು ವರ್ಷದಲ್ಲಿ ಅಮ್ಮ ಅಡುಗೆಮನೆಯಿಂದ ಮಾತಾಡಿದ್ದು ಇದೇ ಮೊದ್ಲು. ತಂತಿಯಿಲ್ಲದ ದಾರಿ ಸರ್, ಟೀಚರಮ್ಮ, ಕರೆಂಟ್ ಕೆಲಸದೋರು, ನಿಮಗೆಲ್ಲ ಎಷ್ಟು ಹೇಳಿದ್ರೂ ಕಡಿಮೆ.

ಒಂದೇ ಬಾಕಿ. ಕರೆಂಟ್ ಹೋದ್ರೆ ಎಲ್ಲಾ ಬಂದ್. ಇನ್ವರ್ಟರ್ ಹಳೇದು, ಬ್ಯಾಟರಿ ಹೋಗಿದೆ.

ಅಡಕೆಗೊನೆ:
ರೂಟರ್‌ಗೆ ಅಂತಾನೇ 12 ವೋಲ್ಟಿನ ಸಣ್ಣ ಯುಪಿಎಸ್ ಬರುತ್ತೆ, ಎರಡು ಮೂರು ಗಂಟೆ ಎಳೆಯುತ್ತೆ. ಆದ್ರೆ ಕಂಬದ ಮೇಲಿನ ರೂಟರ್‌ಗೆ 24 ಅಥವಾ 48 ವೋಲ್ಟ್ ಬೇಕಾಗ್ಬಹುದು, ಅಡಾಪ್ಟರ್ ಮೇಲೆ ಏನು ಬರ್ದಿದೆ ಓದಿ ಹೇಳಿ, ಆಮೇಲೆ ತಗೊಳ್ಳಿ.

ಜಗಲಿಕಟ್ಟೆ:
ಅಪ್ಪಂಗೆ ಫೋನ್ ಮಾಡಿ ಓದ್ಸಿದೆ. 24 ವೋಲ್ಟ್, 0.5 ಆಂಪಿಯರ್ ಅಂತ ಇದೆಯಂತೆ. ಒಳಗಿನ ವೈಫೈ ಡಬ್ಬಿಗೆ 12 ವೋಲ್ಟ್.

ಅಡಕೆಗೊನೆ:
ಹಂಗಾದ್ರೆ 12 ವೋಲ್ಟ್ ಮತ್ತೆ 24 ವೋಲ್ಟ್ ಪಿಒಇ (ನೆಟ್‌ವರ್ಕ್ ಕೇಬಲಲ್ಲೇ ಕರೆಂಟ್ ಕಳ್ಸೋದು) ಎರಡೂ ಔಟ್‌ಪುಟ್ ಇರೋ ಯುಪಿಎಸ್ ಬರುತ್ತೆ, ಅದನ್ನೇ ನೋಡಿ. ಜೂನ್‌ಗೆ ಮುಂಚೆ ತರ್ಸಿ.

ಸಾಗರದ_ಸೋಗೆ:
ಆ ಹೊರಗಿನ ರೂಟರ್ ಪೈಪಿಗೆ ಕಟ್ಟಿದ್ದ ಫೋಟೋ ಇದ್ರೆ ಹಾಕಿ, ನಾನೂ ಈ ಭಾನುವಾರ ದರೆ ಹತ್ತಿ ಅಳತೆ ಮಾಡ್ತೀನಿ.